ಕಿವಿಯಿಲ್ಲದ ಕುದುರೆ

ಒಂದಾನೊಂದು ಊರಿನಲ್ಲಿ ಒಬ್ಬ ಬಡಗಿ ಇದ್ದನಂತೆ, ಅವನಿಗೊಬ್ಬಳು ಅಕ್ಕ. ಏಳು ಸಮುದ್ರದಾಚೆ ದಂಡಿಗೆ ಹೊರಟ ದಿನ ಬಡಗಿ ಅರ್ಧ ಕೆತ್ತಿದ ಮರದ ಕುದುರೆಯನ್ನು ಅಕ್ಕನ ಮುಂದೆ ನಿಲ್ಲಿಸಿ, "ನಾನು ಬರೋದರೊಳಗೆ ಮುಗಿಸಿಡು" ಅಂದನಂತೆ. ಅಕ್ಕ ಕಾಲು ಕೆತ್ತಿದಳು, ಬಾಲ ಕೆತ್ತಿದಳು, ಕಣ್ಣು ಬಿಡಿಸಿದಳು. ಕಿವಿಯನ್ನು ಮಾತ್ರ ಹಾಗೇ ಬಿಟ್ಟಳು. ಕಿವಿ ಮೂಡಿದರೆ ಕುದುರೆಗೆ ಯಮದೂತರ ಕರೆ ಕೇಳಿಸಿಬಿಡುತ್ತದೆ ಎಂಬ ಭಯ ಅವಳಿಗೆ. ಮೈಸೂರಿನ ಅಜ್ಜಿ ಈ ಕತೆಯನ್ನು ಇಲ್ಲಿಗೆ ತರುವಷ್ಟರಲ್ಲಿ ಸುರಭಿಗೆ ಪ್ರತಿಸಲವೂ ನಿದ್ದೆ ಬಂದಿರುತ್ತಿತ್ತು. ಕೊನೆಗೇನಾಯಿತೆಂದು ಅವಳಿಗೆ ಗೊತ್ತೇ ಇಲ್ಲ.

ಈಗ ಅಮೆರಿಕದ ಜರ್ಮನ್‌ಟೌನಿನ ಮನೆಯ ಗ್ಯಾರೇಜಿನಲ್ಲಿ, ಹಳೇ ಕಂಬಳಿಯ ಮೇಲೆ ಅಂಗಾತ ಮಲಗಿಸಿದ ತಮ್ಮನ ಗಿಟಾರಿನ ಮುಂದೆ ಅವಳು ಡ್ರಿಲ್ ಹಿಡಿದು ನಿಂತಿದ್ದಳು. ಮೂರು ವಾರದಿಂದ ಹೀಗೇ ಬಂದು ನಿಲ್ಲುವುದು, ಡ್ರಿಲ್ ಕೆಳಗಿಟ್ಟು ಒಳಗೆ ಹೋಗುವುದು.

ತಮ್ಮ ಶ್ಯಾಮ್ ಅಮೆರಿಕದಲ್ಲೇ ಹುಟ್ಟಿದವನು. ತಿಂಗಳಿಗೊಂದು ವೀಕೆಂಡ್ ತರಬೇತಿ ಅಷ್ಟೇ ಎಂದು ಆರ್ಮಿ ರಿಸರ್ವ್ ಸೇರಿದ್ದವನಿಗೆ ತೊಂಬತ್ತರ ನವೆಂಬರಿನಲ್ಲಿ ಕೊಲ್ಲಿ ಯುದ್ಧಕ್ಕೆಂದು ಕರೆ ಬಂತು, ಸೌದಿಯ ಮರಳಿನಲ್ಲಿ ಟ್ರಕ್ ಓಡಿಸಲು. ಹೊರಡುವ ಮುನ್ನಾದಿನ ಒಂದು ಡಬ್ಬಿಯನ್ನು ಸುರಭಿಯ ಕೈಗಿಟ್ಟಿದ್ದ. ಅವನ ಗಿಟಾರಿನಲ್ಲಿ ತಂತಿಗಳನ್ನು ಹೊರುವ ಬ್ರಿಡ್ಜ್ ಮರಕ್ಕೆ ಕಚ್ಚಿ ಕೂತದ್ದು, ಮಿಸುಕುತ್ತಿರಲಿಲ್ಲ. ಡಬ್ಬಿಯಲ್ಲಿದ್ದದ್ದು ಟ್ರೆಮೊಲೊ ಬ್ರಿಡ್ಜ್: ಅದರ ಪಕ್ಕದ ಸಣ್ಣ ಕೋಲನ್ನು ಒತ್ತಿದರೆ ತಂತಿ ಸಡಿಲವಾಗಿ ಸ್ವರ ಕೆಳಗಿಳಿಯಬೇಕು, ಬಿಟ್ಟರೆ ಹೊರಟಲ್ಲಿಗೇ ಮರಳಬೇಕು.

"ಅಕ್ಕ, ನಿನ್ ಕೈ ಶೇಕ್ ಆಗಲ್ಲ. ಲ್ಯಾಬಲ್ಲಿ ಡ್ರಾಪ್ ಡ್ರಾಪ್ ಮೆಷರ್ ಮಾಡ್ತೀಯ. ನೀನೇ ಕುದುರೆ ಹಾಕು. ನಾನ್ ಬರೋವಾಗ ರೆಡಿ ಇರ್ಬೇಕು, ಪ್ರಾಮಿಸ್?" ವೀಣೆಯಲ್ಲಿ ಬ್ರಿಡ್ಜನ್ನು ಕುದುರೆ ಅನ್ನುತ್ತಾರೆಂದು ಅವಳೇ ಅವನಿಗೆ ಹೇಳಿಕೊಟ್ಟಿದ್ದಳು.

ಪ್ರಾಮಿಸ್ ಅಂದಿದ್ದಳು. ಮರುದಿನ ಬಸ್ಸು ಹತ್ತುವಾಗ ಅವನು, "ಅಮ್ಮ, ನಾನ್ ಹೋಗ್ತೀನಿ" ಅಂದ. ಹೋಗಿಬರ್ತೀನಿ ಅನ್ನಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅಮ್ಮನ ಮುಖ ಬಿಳಿಚಿಕೊಂಡದ್ದನ್ನು ಸುರಭಿ ಮಾತ್ರ ನೋಡಿದಳು.

ಹಳೇ ಬ್ರಿಡ್ಜನ್ನು ಕಳಚಿದ್ದಳು. ಕುತ್ತಿಗೆಯ ತುದಿಯಿಂದ, ಬೆರಳೂರುವ ಲೋಹದ ಮೆಟ್ಟುಗಳಲ್ಲಿ ಹನ್ನೆರಡನೆಯದರವರೆಗೆ ಅಳೆದು, ಅಷ್ಟೇ ದೂರವನ್ನು ಮತ್ತೆ ಮುಂದಕ್ಕೆ ಹಿಡಿದು ಗುರುತು ಹಾಕಿದ್ದಳು. ಸ್ಪ್ರಿಂಗ್ ಕೂರಲು ಉಳಿಯಿಂದ ಮರ ತೋಡಿದ್ದಳು. ಉಳಿದದ್ದು ನಾಲ್ಕು ಸ್ಕ್ರೂ ತೂತು. ಕೂದಲೆಳೆಯಷ್ಟು ಆಚೀಚೆಯಾದರೂ ಮುಂದೆಂದೂ ಯಾವ ಸ್ವರವೂ ಸರಿ ಕೂರುವುದಿಲ್ಲ. ಆದರೆ ಅವಳ ಕೈ ತಡೆದದ್ದು ಅದಕ್ಕಲ್ಲ. ಕೆಲಸ ಬಾಕಿ ಇರುವ ತನಕ ಅದನ್ನು ಕೇಳಲು ಅವನು ಬರಲೇಬೇಕಲ್ಲ.

ನಿನ್ನೆಯಿಂದ ಆ ನಂಬಿಕೆಯೂ ಸಾಲದಾಗಿತ್ತು. ಸೌದಿಯಲ್ಲಿ ಅಮೆರಿಕದ ಸೈನಿಕರು ಮಲಗುವ ಶೆಡ್ಡಿನ ಮೇಲೆ ಕ್ಷಿಪಣಿ ಬಿತ್ತೆಂದು ಟೀವಿ ಹೇಳುತ್ತಲೇ ಇತ್ತು, ಸತ್ತವರ ಹೆಸರುಗಳನ್ನು ಹೇಳುತ್ತಿರಲಿಲ್ಲ. ಅಪ್ಪ ನಟರಾಜ ಕೆಲಸಕ್ಕೆ ಹೋಗದೆ ಆರ್ಮಿಯವರ ನಂಬರನ್ನು ಒತ್ತುತ್ತಿದ್ದರು. ಬ್ಯುಸಿ. ಮತ್ತೆ ಒತ್ತುತ್ತಿದ್ದರು.

ಗ್ಯಾರೇಜಿನ ಬಾಗಿಲು ಕಿರುಗುಟ್ಟಿತು. ಅಮ್ಮ ಅನಸೂಯ, ಸ್ವೆಟರಿನ ಮೇಲೆ ಶಾಲು ಹೊದ್ದು, ಕೈಯಲ್ಲಿ ಒಂದು ಲಕೋಟೆ.

"ಮೇಲ್ ಬಂತು. ನಿನಗೇ ಬರೆದಿದಾನೆ. ಯಾವತ್ತಿನದು ನೋಡು."

ಸುರಭಿ ಮುದ್ರೆ ನೋಡಿದಳು. "ಮೂರು ವಾರದ ಹಿಂದಿನದಮ್ಮ."

ಅಮ್ಮ ಪೇಂಟ್ ಡಬ್ಬದ ಮೇಲೆ ಕುಕ್ಕರಿಸಿದಳು. "ಓದು."

"'ಅಕ್ಕ, ಕುದುರೆ ರೆಡಿ ಆಯ್ತಾ? ಇಲ್ಲಿ ಯಾರೂ ಬಿಲೀವ್ ಮಾಡಲ್ಲ, ಮೈ ಸಿಸ್ಟರ್ ಗಿಟಾರ್ ಫಿಕ್ಸ್ ಮಾಡ್ತಾಳೆ ಅಂದ್ರೆ ನಗ್ತಾರೆ. ಟೇಪ್ ಮಾಡಿ ಕಳ್ಸು. ರಾತ್ರಿ ತುಂಬಾ ಕ್ವಯೆಟ್. ನಂಗೆ ಕೇಳ್ಬೇಕು.' ಅಷ್ಟೇ."

"ನನಗೇನೂ ಬರೆದಿಲ್ವಾ?"

"'ಅಮ್ಮಂಗೆ ಹೇಳು, ಫುಡ್ ನಾಟ್ ಬ್ಯಾಡ್.'"

"ಸುಳ್ಳ," ಅಂದಳು ಅಮ್ಮ. ನಗಲು ಹೋಗಿ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಗಿಟಾರನ್ನು ನೋಡುತ್ತ, "ಇಷ್ಟೆಲ್ಲ ಮಾಡಿ ಯಾಕೆ ನಿಲ್ಲಿಸಿದೀಯ?"

ಸುರಭಿ ಕಾಗದ ಮಡಚಿಟ್ಟು ಡ್ರಿಲ್ ಎತ್ತಿಕೊಂಡಳು. "ಅಮ್ಮ, ಅಜ್ಜಿ ಹೇಳ್ತಿದ್ರಲ್ಲ, ಕಿವಿಯಿಲ್ಲದ ಕುದುರೆ ಕತೆ. ಕೊನೇಲಿ ಏನಾಗತ್ತೆ?"

ಅಮ್ಮ ಮಗಳ ಮುಖವನ್ನೂ ಕೈಯಲ್ಲಿದ್ದ ಡ್ರಿಲ್ಲನ್ನೂ ನೋಡಿದಳು. "ಕಿವಿ ಕೆತ್ತುತಾಳೆ ಕಣೇ. ಕಿವೀನೇ ಇಲ್ದಿದ್ರೆ ತಮ್ಮ ಕೂಗಿದ್ದೂ ಅದಕ್ಕೆ ಕೇಳಿಸಲ್ವಲ್ಲ. ಕರ್ಕೊಂಡು ಬರೋಕೆ ಹೋಗೋದು ಹ್ಯಾಗೆ?"

ಅದು ಅಜ್ಜಿ ಹೇಳಿದ್ದೋ, ಅಮ್ಮ ಈಗ ಹುಟ್ಟಿಸಿದ್ದೋ, ಸುರಭಿ ಕೇಳಲಿಲ್ಲ.

"ಮಂಗಳವಾರ. ಮೂರಕ್ಕೆ ರಾಹುಕಾಲ," ಅಂದಳು ಅಮ್ಮ ಗಡಿಯಾರ ನೋಡಿ. "ಇನ್ನು ಮುಕ್ಕಾಲು ಗಂಟೆ ಇದೆ. ನಾನು ಹಿಡ್ಕೊಳ್ತೀನಿ, ಬಾ."

ಅಮ್ಮ ಮಂಡಿಯೂರಿ ಗಿಟಾರನ್ನು, ಎಣ್ಣೆ ಸ್ನಾನಕ್ಕೆ ಮಗುವನ್ನು ಹಿಡಿದಂತೆ, ಎರಡೂ ಕೈಯಿಂದ ಒತ್ತಿ ಹಿಡಿದಳು. ಎಷ್ಟು ಆಳ ಇಳಿಯಬೇಕೆಂದು ಡ್ರಿಲ್ಲಿನ ಮೊನೆಗೆ ಸುತ್ತಿದ್ದ ಕೆಂಪು ಟೇಪನ್ನು ಸುರಭಿ ಬೆರಳಿನಿಂದ ಒಮ್ಮೆ ಅದುಮಿ ನೋಡಿದಳು. ಮೊನೆಯನ್ನು ಗುರುತಿನ ಮೇಲಿಟ್ಟು ಒತ್ತಿದಳು. ಮರದ ಪುಡಿ ಅಮ್ಮನ ಬಳೆಗಳ ಮೇಲೆ ಉದುರಿತು. ಒಂದು. ಎರಡು. ಮೂರನೆಯದಕ್ಕೆ ಒಳಗೆ ಫೋನ್ ರಿಂಗಾಯಿತು. ಇಬ್ಬರೂ ಕಲ್ಲಾದರು.

"ಶಿವಬಸಪ್ಪ ಅಂಕಲ್," ಅಪ್ಪ ಒಳಗಿನಿಂದಲೇ ಇವರಿಗೆ ಕೂಗಿ ಹೇಳಿದರು. "ಡುಲುತ್‌ನಿಂದ. ಏನಾದ್ರೂ ಗೊತ್ತಾಯ್ತಾ ಅಂತ."

"ಲೈನ್ ಬಿಡೋಕೆ ಹೇಳಿ ಅವರಿಗೆ," ಅಂದಳು ಅಮ್ಮ, ಕೈ ತೆಗೆಯದೆ. "ನೀನು ಮಾಡೇ."

ನಾಲ್ಕು. ಸ್ಕ್ರೂಗಳು ಕಚ್ಚಿಕೊಂಡವು. ಆರು ತಂತಿ ಏರಿಸಿ, ಶ್ರುತಿ ನೋಡುವ ಪೆಟ್ಟಿಗೆಯ ಮುಳ್ಳು ನಡುವಿಗೆ ಬರುವ ತನಕ ಬಿಗಿದದ್ದಾಯಿತು. ಮೂರಕ್ಕೆ ಹತ್ತು ನಿಮಿಷವಿತ್ತು. ಸುರಭಿ ಟೇಪ್ ರೆಕಾರ್ಡರಿನ ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿ, ದಪ್ಪ ತಂತಿಯನ್ನು ಮೀಟಿ, ಕೋಲನ್ನು ಒತ್ತಿದಳು.

ಸ್ವರ ಇಳಿಯಿತು. ಇನ್ನೂ ಇಳಿಯಿತು, ಎಲ್ಲಿಗೋ ಹೋದಂತೆ. ಅಮ್ಮನ ಕೈ ಗಾಳಿಯಲ್ಲೇ ನಿಂತಿತ್ತು.

ಸುರಭಿ ಕೋಲನ್ನು ಬಿಟ್ಟಳು. ಮುಳ್ಳು ಅತ್ತಿತ್ತ ಹೊಯ್ದಾಡಿತು, ಮೆಲ್ಲಗೆ ಮೇಲೆ ಬಂತು, ನಡುವಿನ ಗೆರೆಯ ಮೇಲೆ ನಿಂತಿತು. ಟೇಪು ತಿರುಗುತ್ತಲೇ ಇತ್ತು. ಪಕ್ಕದ ಕೋಣೆಯಲ್ಲಿ ಅಪ್ಪ ಮತ್ತೆ ನಂಬರ್ ಒತ್ತುತ್ತಿದ್ದ ಸದ್ದೂ, ಒಂದೊಂದಾಗಿ, ಅದರಲ್ಲಿ ಸೇರಿಕೊಳ್ಳುತ್ತಿತ್ತು.