ಆರತಿಗೆ ಯಾರು?

ಕಂಪನಿಯವರು ಹೊಸ ಸಾಫ್ಟ್‌ವೇರ್ ಕೊಡುತ್ತಾರೆ ಎಂಬ ಸುದ್ದಿ ಬಂದ ದಿನ ಬಾಳಾಸಾಬರು ಇಡೀ ಶೋರೂಮಿಗೆ ಪೇಢೆ ಹಂಚಿದರು. ಮಾಲೀಕರಿಗೇನು, ಪೇಢೆ ಹಂಚಿ ಮನೆಗೆ ಹೋಗುತ್ತಾರೆ. ಹಳೆಯದರಲ್ಲಿದ್ದ ಗಿರಾಕಿಗಳನ್ನೆಲ್ಲ ಹೊಸದಕ್ಕೆ ದಾಟಿಸಬೇಕಾದವಳು ನಾನು. ಚಿಕ್ಕೋಡಿಯ ಆ ಟ್ರ್ಯಾಕ್ಟರ್ ಶೋರೂಮಿನಲ್ಲಿ ಗಿರಾಕಿಗಳ ವಿವರ ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದು. ಅದು ೨೦೧೪. ಯುಗಾದಿಯ ಪಾಡವಾ ಹಬ್ಬ ಹತ್ತಿರ ಬಂದಿತ್ತು, ಹಬ್ಬಕ್ಕೆ ಟ್ರ್ಯಾಕ್ಟರ್ ಮನೆಗೆ ಒಯ್ಯಬೇಕೆನ್ನುವವರ ಗದ್ದಲ ಬೇರೆ.

ಕೊಲ್ಹಾಪುರದಿಂದ ಸಂಭಾಜಿ ಎನ್ನುವವರು ಬಂದರು. ಕಂಪನಿಯ ಸಾಫ್ಟ್‌ವೇರ್ ಮನುಷ್ಯ. ತಾಯಿಯ ಕಡೆಯವರು ನಿಪ್ಪಾಣಿಯವರಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ನಮ್ಮ ಹಳೆಯ ಸಾಫ್ಟ್‌ವೇರಿನಲ್ಲಿ ಎಷ್ಟು ಬಗೆಯ ದಾಖಲೆಗಳಿವೆ, ಅವುಗಳಲ್ಲಿ ಕಂಪನಿ ಕೊಟ್ಟವು ಯಾವುವು, ನಾವೇ ಮಾಡಿಕೊಂಡವು ಯಾವುವು ಎಂದು ಬೇರ್ಪಡಿಸುವುದು ಅವರ ಕೆಲಸ. ಗಿರಾಕಿ, ವಿಚಾರಣೆ, ಬುಕಿಂಗ್, ಸರ್ವಿಸ್ ಇವೆಲ್ಲ ಕಂಪನಿ ಕೊಟ್ಟವು, ತಾವಾಗಿಯೇ ಹೊಸದಕ್ಕೆ ಹೋಗುತ್ತವೆ. ನಾವು ಮಾಡಿಕೊಂಡದ್ದಕ್ಕೆ ಕಾರಣ ಕೊಡಬೇಕು. ಕಾರಣ ಸರಿಯೆನಿಸದಿದ್ದರೆ ಅಳಿಸಿಬಿಡುತ್ತಾರೆ.

"ಹೆಸರಿನ ಬಾಲ ನೋಡ್ರಿ ಮ್ಯಾಡಂ," ಎಂದರು ಸಂಭಾಜಿ. "ನೀವು ಮಾಡ್ಕೊಂಡಿದ್ದಕ್ಕ ಕಂಪ್ಯೂಟರ ತಾನ ಒಂದು ಬಾಲ ಹಚ್ಚಿರ್ತೈತಿ. ಬಾಲ ಇದ್ದದ್ದೆಲ್ಲಾ ನಿಮ್ಮದು."

"ಮಂಗ್ಯಾನ ಸಂತತಿ ಅನ್ರಿ ಹಂಗಾದ್ರ," ಎಂದೆ. ನಕ್ಕರು. ಮನುಷ್ಯ ಒಳ್ಳೆಯವನೇ ಅನಿಸಿತು.

ಹುಡುಕಿದಾಗ ಬಾಲವಿದ್ದವು ಮೂರು ಸಿಕ್ಕವು. ಹಳೆಯ ಟ್ರ್ಯಾಕ್ಟರ್ ಕೊಟ್ಟು ಹೊಸದು ಒಯ್ಯುವವರದೊಂದು, ಹೊಲದಲ್ಲಿ ನಡೆಸಿ ತೋರಿಸುವ ಡೆಮೊದ್ದೊಂದು. ಇವೆರಡಕ್ಕೆ ಸಂಭಾಜಿ ತಕರಾರು ಮಾಡಲಿಲ್ಲ. ಮೂರನೆಯದರ ಹೆಸರು ಓದಿ ಕನ್ನಡಕ ಸರಿಮಾಡಿಕೊಂಡರು. ಅದರ ಹೆಸರು 'ಆರತಿ'.

"ಇದೇನ್ರಿ, ದೇವರ ಖಾತೆ?"

ಅದನ್ನು ಮಾಡಿದವಳು ನಾನೇ. ನಮ್ಮ ಕಡೆ ಮನೆಗೆ ಹೊಸ ಟ್ರ್ಯಾಕ್ಟರ್ ಬಂದರೆ ಗಂಡನ ಮನೆಯಿಂದ ಮಗಳು ಬರಬೇಕು. ಅವಳು ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿ, ಅಣ್ಣನಿಗೆ ಆರತಿ ಬೆಳಗಿ, ಕಾಯಿ ಒಡೆದ ಮೇಲೆಯೇ ಗಾಲಿ ಮುಂದೆ ಉರುಳುವುದು. ಒಮ್ಮೆ ಕಾಗವಾಡದ ಭೂಪಾಲ ಎಂಬವರಿಗೆ ನಾವು ಅವಸರ ಮಾಡಿ ಟ್ರ್ಯಾಕ್ಟರ್ ಕೊಟ್ಟು ಕಳಿಸಿದೆವು. ಅವರ ತಂಗಿ ಲಕ್ಷ್ಮಿಬಾಯಿ ಆಗಿನ್ನೂ ರಾಯಬಾಗದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಂದು ನೋಡಿದರೆ ಟ್ರ್ಯಾಕ್ಟರ್ ಇಲ್ಲ. ಆರತಿ ತಾಟು ತೊಡೆಯ ಮೇಲಿಟ್ಟುಕೊಂಡು ನಮ್ಮ ಬಾಗಿಲ ಪಾವಟಿಗೆಯ ಮೇಲೆ ಕೂತು, ಸತ್ತ ಮನೆಯಲ್ಲಿ ಅಳುವಂತೆ ಅತ್ತರು. ಮರುದಿನ ಭೂಪಾಲರು ಬಾಡಿದ ಹಾರದ ಸಮೇತ ಟ್ರ್ಯಾಕ್ಟರನ್ನು ಕಾಗವಾಡದಿಂದ ತಿರುಗಿ ತಂದು ನಿಲ್ಲಿಸಿ, "ಇನ್ನೊಮ್ಮೆ ಡಿಲಿವರಿ ಕೊಡ್ರಿ," ಎಂದರು. ಕೊಟ್ಟೆವು, ಮತ್ತೇನು ಮಾಡುವುದು? ಅಂದೇ ನಾನು ಈ ದಾಖಲೆ ಮಾಡಿದೆ. ಆರತಿಗೆ ಬರುವವರ ಹೆಸರು, ಊರು, ಫೋನು, ಗಿರಾಕಿಗೆ ಏನಾಗಬೇಕು, ಯಾವ ದಿನ ಬರುತ್ತಾರೆ. ಇದು ತುಂಬದೆ ಡಿಲಿವರಿಯ ದಿನಾಂಕದ ಪುಟ ತೆರೆಯುವುದೇ ಇಲ್ಲ.

"ಗಿರಾಕಿ ಹೆಸರಿನ ಮುಂದ ಒಂದು ಕಾಲಂ ಮಾಡಿದ್ರ ಸಾಕಾಗ್ತಿತ್ತಲ್ರಿ?" ಎಂದರು ಸಂಭಾಜಿ.

"ಸಾಲೂದಿಲ್ರಿ. ಇಬ್ರು ಅಣ್ಣತಮ್ಮರು ಬ್ಯಾರೆ ಬ್ಯಾರೆ ಟ್ರ್ಯಾಕ್ಟರ ತಗೊಂಡ್ರ ಎರಡಕ್ಕೂ ಅದ ತಂಗಿ ಬರ್ತಾಳ. ಒಂದ ಮನ್ಯಾಗ ಮೂರ ಮಂದಿ ಅಕ್ಕತಂಗ್ಯಾರು ಇದ್ರ ಹ್ವಾದ ಸಲ ಹಿರ್ಯಾಕಿ, ಈ ಸಲ ನಡುವಿನಾಕಿ. ಪಾಳಿ ತಪ್ಪಿದ್ರ ಜಗಳ ನಮ್ಮ ಬಾಗಲಾಗ. ಒಂದು ಕಾಲಮಿನ್ಯಾಗ ಏನೇನ್ ತುರಕಲ್ರಿ?"

ಸಂಭಾಜಿ ಗಲ್ಲ ತುರಿಸಿಕೊಂಡರು. ತಮಗೆ ಒಪ್ಪಿಗೆಯಾಯಿತೆಂದೂ, ಪುಣೆಯ ಹೆಡ್ಡಾಫೀಸಿನವರನ್ನು ಒಪ್ಪಿಸಲು ಒಂದು ಬುಕಿಂಗ್ ಕಣ್ಣಾರೆ ನೋಡಿ ಬರೆದುಕೊಳ್ಳಬೇಕೆಂದೂ ಹೇಳಿ ನನ್ನ ಪಕ್ಕ ಕುರ್ಚಿ ಹಾಕಿಕೊಂಡರು.

ಒಂದು ಮಾತನ್ನು ಅವರಿಗೆ ಹೇಳಲಿಲ್ಲ. ಊರ ತಂಗಿಯರನ್ನೆಲ್ಲ ಫೋನ್ ಮಾಡಿ ಕರೆಸುತ್ತಿದ್ದ ನನ್ನನ್ನು ನನ್ನ ಅಣ್ಣ ಕರೆಯದೆ ವರ್ಷಗಳಾಗಿದ್ದವು. ನಾಗರಪಂಚಮಿ ಬಂದಾಗ ಓಣಿಯ ಸೊಸೆಯರೆಲ್ಲ ಅಣ್ಣನ ಬೈಕಿನ ಹಿಂದೆ ಕೂತು ತವರಿಗೆ ಹೋಗುತ್ತಿದ್ದರೆ ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತು ಉಂಡೆ ಕಟ್ಟುತ್ತಿದ್ದೆ. ಯಾರಿಗೆ ಕಟ್ಟುತ್ತಿದ್ದೆನೋ!

ನಮ್ಮದು ಶೇಡಬಾಳ. ಸದಲಗಾದ ನಮ್ಮ ಸೋದರಮಾವನ ಮನೆಗೂ ನಮಗೂ ಸಾಟಿ ಮದುವೆ ನಿಶ್ಚಯವಾಗಿತ್ತು. ಮಾವನ ಮಗ ಮಹಾವೀರನಿಗೆ ನಾನು, ಮಾವನ ಮಗಳು ಸಪನಾ ನನ್ನ ಅಣ್ಣ ಸುಜಯನಿಗೆ. ಸಾಟಿ ಎಂದರೆ ತಕ್ಕಡಿಯಿದ್ದ ಹಾಗೆ, ಒಂದು ಕಡೆಯ ಹೆಣ್ಣು ಇಳಿದರೆ ಇನ್ನೊಂದು ಕಡೆಯದೂ ಇಳಿಯಿತೆಂದೇ ಲೆಕ್ಕ. ಮಹಾವೀರ ಕೆಟ್ಟವನಲ್ಲ, ಆದರೆ ಅವನನ್ನು ಗಂಡನೆಂದು ನೋಡಲು ನನ್ನಿಂದ ಆಗಲಿಲ್ಲ. ಒಲ್ಲೆ ಎಂದೆ. ಇವತ್ತು ಕೇಳಿದರೂ ಅದನ್ನೇ ಅಂದೇನು. ಮಾವ ಸಪನಾಳನ್ನು ಇಚಲಕರಂಜಿಗೆ ಕೊಟ್ಟರು. ಅಣ್ಣ ಅವಳ ಮೇಲೆ ಎಷ್ಟು ಜೀವ ಇಟ್ಟಿದ್ದನೆಂದು ನನಗೆ ಗೊತ್ತಾದದ್ದೇ ಆಮೇಲೆ. ಅವನು ಮತ್ತೆ ಮದುವೆಯ ಮಾತೇ ಎತ್ತಲಿಲ್ಲ. ನಾನು ಚಿಕ್ಕೋಡಿಯವರನ್ನು ಮದುವೆಯಾದಾಗ ಬರಲಿಲ್ಲ, ಅಪ್ಪ ತೀರಿಕೊಂಡಾಗ ಒಂದೇ ಮನೆಯಲ್ಲಿದ್ದರೂ ಮಾತಾಡಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ನಾನು ಒಲ್ಲೆ ಎಂದ ದಿನವೇ ಹೊರಗಾಗಿದ್ದೆ.

ಅಂಥ ಅಣ್ಣ ಅಂದು ಮಧ್ಯಾಹ್ನ ನಮ್ಮ ಶೋರೂಮಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

ಶೇಡಬಾಳದವನಿಗೆ ಮಿರಜ ಹತ್ತಿರ, ಅಥಣಿ ಹತ್ತಿರ. ಅವೆರಡನ್ನೂ ಬಿಟ್ಟು ನಾನಿರುವಲ್ಲಿಗೇ ಬಂದಿದ್ದಾನೆಂದರೆ! ನನ್ನ ಆಸೆ ಕುದುರೆಯಾಗಿ ಶೇಡಬಾಳದ ಅಗಸಿಬಾಗಿಲವರೆಗೆ ಓಡಿತು. ಬಾಳಾಸಾಬರು ಎದ್ದು ಬಂದು, "ಬರ್ರಿ ಬರ್ರಿ, ನೀವು ಫೋನಿನ್ಯಾಗ ಕೇಳಿದ ಮಾಡೆಲ್ ಮಿರಜದಾಗೂ ಇಲ್ಲ, ಅಥಣ್ಯಾಗೂ ಇಲ್ಲ, ನಮ್ಮಲ್ಲಿ ಅಷ್ಟ ಉಳದೈತಿ," ಎಂದರು. ಕುದುರೆ ಅಲ್ಲೇ ಕುಂಟಿತು.

ಅವನು ನನ್ನ ಮೇಜಿನ ಮುಂದೆ ಕೂತ. ಕೆನ್ನೆಯ ಮೇಲಿನ ಗಡ್ಡದಲ್ಲಿ ಬಿಳಿ ಕಾಣುತ್ತಿತ್ತು. ಪಕ್ಕದಲ್ಲಿ ಸಂಭಾಜಿ ಪೆನ್ನು ಹಿಡಿದು ನೋಡುತ್ತಿದ್ದರು. ಕೇಳಲೇಬೇಕಲ್ಲ, ಕೇಳಿದೆ.

"ಹೆಸರು?"

"ಬರ್ಕೋರಿ. ಸುಜಯ ಅಣ್ಣಾಸಾಬ ಮಗದುಮ. ಶೇಡಬಾಳ."

ನಮ್ಮಪ್ಪನ ಹೆಸರನ್ನು ಪರಿಚಯವಿಲ್ಲದವಳಿಗೆ ಹೇಳುವಂತೆ ಬಿಡಿಬಿಡಿಯಾಗಿ ಹೇಳಿದ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದನ್ನೂ ತೋರಿಸದೆ ಕೀಬೋರ್ಡ್ ಒತ್ತುತ್ತಾ ಹೋದೆ. ಮಾಡೆಲು, ಬಣ್ಣ, ಫೋನು ಎಲ್ಲ ಮುಗಿದು ಆರತಿಯ ಪುಟ ತೆರೆಯಿತು.

"ಆರತಿಗೆ ಯಾರ ಬರ್ತಾರ್ರಿ?"

ಅವನು ಗಾಜಿನ ಬಾಗಿಲ ಕಡೆ ನೋಡಿದ. ಅವ್ವನ ಹೆಸರು ಹೇಳುವಂತಿಲ್ಲ, ಅಪ್ಪ ಹೋದ ಮೇಲೆ ಅವ್ವ ತಾಟು ಹಿಡಿಯುವುದಿಲ್ಲ. ಇಂಥ ಪದ್ಧತಿ ಮಾಡಿದವರ ಬಾಯಿಗೆ ಮಣ್ಣು ಹಾಕಬೇಕು. ಹೆಂಡತಿಯಿಲ್ಲ. ಇದ್ದವಳು ಒಬ್ಬಳೇ ತಂಗಿ, ಅವಳು ಎದುರಿಗೇ ಕೂತಿದ್ದಾಳೆ. 'ನೀನ ಬಾ' ಎಂದು ಹೇಳಲು ಎಷ್ಟು ಉಸಿರು ಬೇಕು? ಹೇಳೋ ಅಣ್ಣಾ, ಎಂದು ಒಳಗೊಳಗೇ ಬೇಡಿಕೊಂಡೆ. ಮನಿಷಾ ಎಂದು ನನ್ನ ಹೆಸರು ಒತ್ತಲು ಬೆರಳು ತಯಾರಾಗಿದ್ದವು.

"ಸಪನಾ," ಎಂದ. "ಇಚಲಕರಂಜಿ." ನಂಬರನ್ನು ಮೊಬೈಲು ತೆಗೆಯದೆ ಬಾಯಿಪಾಠವಾಗಿ ಹೇಳಿದ.

ನನ್ನ ಕೈ ನಿಂತಿತು. ಕಟ್ಟಿಕೊಳ್ಳಬೇಕಾಗಿದ್ದ ಸೋದರಮಾವನ ಮಗಳು ಅವನಿಗೆ ಆರತಿ ಬೆಳಗುವುದೆ? ನಮ್ಮಲ್ಲಿ ಹಾಗೆ ಬೆಳಗಿದಳೆಂದರೆ ಅವಳು ಇನ್ನು ಜನ್ಮಕ್ಕೆ ತಂಗಿಯೇ.

"ಏನಾಗಬೇಕ್ರಿ ಅವ್ರು?" ಅದೂ ಒಂದು ಕಾಲಮಿತ್ತು, ನಾನೇ ಮಾಡಿದ್ದು.

"ತಂಗಿ ಅಂತ ಬರೀರಿ," ಎಂದ. ಈ ಸಲ ನನ್ನ ಮುಖ ನೋಡಿಯೇ ಹೇಳಿದ.

ಬರೆದೆ. ಆರತಿಗೆ ಬರುವವರಿಗೆ ನಾವೇ ಫೋನ್ ಮಾಡಿ ದಿನ ಕೇಳುತ್ತೇವೆ ಎಂದಾಗ ಅವನು ಒಂದು ಕ್ಷಣ ಗಾಬರಿಯಾದಂತೆ ಕಂಡಿತು. ಆಮೇಲೆ ತಲೆಯಾಡಿಸಿ ಎದ್ದು ಹೋದ. ಸಂಭಾಜಿ ಪುಣೆಗೆ ಅಲ್ಲಿಂದಲೇ ಫೋನ್ ಮಾಡಿ, ಆರತಿಯ ದಾಖಲೆ ಉಳಿಯಬೇಕು, ಇದು ಬೇರೆ ಯಾವುದರಲ್ಲೂ ಕೂಡುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಬೇರೆ ದಿನವಾಗಿದ್ದರೆ ನಾನೇ ಪೇಢೆ ತರಿಸುತ್ತಿದ್ದೆ.

ಸಂಜೆ ಅವರು ಹೋದ ಮೇಲೆ ಸಪನಾಳಿಗೆ ಫೋನ್ ಮಾಡಿದೆ. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು, ಅವರ ಮನೆಯಲ್ಲಿ ಪವರ್‌ಲೂಮ್ ಇದೆ. ನನ್ನ ದನಿ ಗುರುತಿಸಿ, "ಮನಿಷಾ! ಎಷ್ಟ ವರ್ಷಾತ ಬೇ," ಎಂದು ಹಿಗ್ಗಿದಳು. ವಿಷಯ ಹೇಳಿದೆ.

"ಏನಂತ ಬರಸ್ಯಾನ?" ಎಂದು ಕೇಳಿದಳು.

"ತಂಗಿ ಅಂತ."

"ನಾ ಬರೂದಿಲ್ಲ," ಎಂದಳು. "ನನಗ ಗಂಡ ಅದಾನ, ಎರಡ ಮಕ್ಕಳದಾವ, ನಾ ಸುಖದಾಗ ಅದೇನಿ. ಖರೇನ ಅದೇನಿ. ಆದ್ರ ಅವಗ ತಂಗಿ ಆಗಾಕ ನನ್ನ ಕಡಿಂದ ಆಗೂದಿಲ್ಲ ಮನಿಷಾ. ಅದೊಂದು ನೀವಿಬ್ರೂ ಕೇಳಬ್ಯಾಡ್ರಿ ನನ್ನ." ಅಳುತ್ತಿದ್ದಳೋ ಏನೋ, ಫೋನ್ ಇಟ್ಟುಬಿಟ್ಟಳು.

ಆರತಿಯವರು ಬರುವುದಿಲ್ಲವೆಂದರೆ ಗಿರಾಕಿಗೆ ತಿಳಿಸಬೇಕು. ಅಣ್ಣನಿಗೆ ಫೋನ್ ಹಚ್ಚಿದೆ. ಸೌಖ್ಯವಿಲ್ಲವಂತೆ, ಊರಿಗೆ ಹೋಗಿದ್ದಾಳಂತೆ ಎಂದು ಏನಾದರೊಂದು ಹೇಳಿಬಿಡಬಹುದಿತ್ತು. ಆದರೆ ಆ ಮಾತು ಅವನಿಗೆ ಸೇರಬೇಕಾದದ್ದು, ನಾನು ಇಟ್ಟುಕೊಳ್ಳುವಂಥದ್ದಲ್ಲ ಅನಿಸಿತು.

"ಸಪನಾ ಬರೂದಿಲ್ಲಂತ. ನಿನಗ ತಂಗಿ ಆಗಾಕ ಆಗೂದಿಲ್ಲ ಅಂದ್ಳು."

ಫೋನ್ ಕಟ್ಟಾಯಿತೇನೋ ಎಂದು ಎರಡು ಸಲ ಕಿವಿಯಿಂದ ತೆಗೆದು ನೋಡಿದೆ.

"ಪಾಡವಾಕ ಬರ್ತೀನಿ," ಎಂದ ಕೊನೆಗೆ.

"ಆರತಿಗೆ? ಅದ ಬರೀದ ತಾರೀಖ ತೆಗಿಯೂದಿಲ್ಲ ಇದು."

"ನಿನ್ನ ಹೆಸರ ಬರಿ," ಎಂದ.

ಬರೆದೆ. ನನ್ನ ಹೆಸರು, ನನ್ನ ಫೋನು, ತಂಗಿ. ದಿನಾಂಕದ ಪುಟ ತೆರೆಯಿತು. ಅಂಗಡಿ ಮುಚ್ಚುವ ಹೊತ್ತಾಗಿತ್ತು, ಬಾಳಾಸಾಬರು ಬಂದು ದೀಪ ಆರಿಸುವವರೆಗೂ ಅದನ್ನೇ ನೋಡುತ್ತಾ ಕೂತಿದ್ದೆ.

ಪಾಡವಾದ ಬೆಳಿಗ್ಗೆ ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ಅಣ್ಣ ಅವ್ವನನ್ನೂ ಕರೆದುಕೊಂಡು ಬಂದಿದ್ದ. ಅವ್ವ ದೂರದಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿ, ಹಾರ ಹಾಕಿ, ತಾಟು ಹಿಡಿದು ಅಣ್ಣನ ಮುಂದೆ ನಿಂತೆ. ಎಷ್ಟೋ ವರ್ಷಗಳ ಮೇಲೆ ಅವನು ನನ್ನೆದುರು ತಲೆ ಬಾಗಿಸಿದ. ಇದೊಂದಕ್ಕಾಗಿ ನಾನು ಎಷ್ಟು ಹಂಬಲಿಸಿದ್ದೆ! ಅವನ ಹಣೆಗೆ ಕುಂಕುಮ ಇಟ್ಟೆ.

ಆಗ ಅವನು ಯಾರಿಗೂ ಕೇಳಿಸದಂತೆ, ನನ್ನ ಮುಖ ನೋಡದೆ ಕೇಳಿದ: "ಅಕಿ ಖರೇನ ಹಂಗ ಅಂದ್ಳೇನ?"

"ಹೌದಣ್ಣಾ," ಎಂದೆ. "ಹಂಗ ಅಂದ್ಳು."

ಅವನು ತಲೆ ಎತ್ತಲಿಲ್ಲ. ಆರತಿ ಬೆಳಗಿ ಮುಗಿದ ಮೇಲೂ ಹಾಗೆಯೇ ಬಾಗಿ ನಿಂತಿದ್ದ. ಜನ ನೋಡುತ್ತಾರೆಂದು ನಾನು ತಾಟನ್ನು ಅವನ ಮುಖಕ್ಕೆ ಮರೆಮಾಡಿ ಹಿಡಿದು ಇನ್ನೊಮ್ಮೆ ಬೆಳಗತೊಡಗಿದೆ.