ಮಿಶ್ರಿ ಬಿಟ್ಟ ಹೆಂಗಸರು

ಬೆಳಿಗ್ಗೆ ಒಂಬತ್ತೂವರೆಗೆ ಗಡಿಯ ಹಳ್ಳಿ ಸುಳಕೂಡದ ಶಾಲೆಯ ಪಡಸಾಲೆಯಲ್ಲಿ ಕೊಲ್ಲಾಪುರದ ಸರ್ಕಾರಿ ಡಾಕ್ಟರು ಬೀರವ್ವನ ತುಟಿ ಎತ್ತಿ ವಸಡು ನೋಡಿದರು. ಸೀಸದ ಗೆರೆ ಇಲ್ಲ ಎಂದರು. ೧೯೮೨ರ ನವೆಂಬರ್ ತಿಂಗಳು ಅದು.

ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಭಟ್ಟಿ ಊರ ಹೊರಗೆ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಬೀರವ್ವನ ಗಂಡ ಲಗಮಣ್ಣ ಕುರಿ ಮಾರಿ ಅಲ್ಲಿ ಕೆಲಸಕ್ಕೆ ಸೇರಿದ್ದ. ಅವನ ಅಂಗಿಯ ತುಂಬ ಬೂದುಬಣ್ಣದ ಧೂಳು. ಬೀರವ್ವ ಅದನ್ನು ಅಂಗಳದಲ್ಲಿ ಕೊಡವಿ ಆಮೇಲೆ ಒಗೆಯುತ್ತಿದ್ದಳು. ಭಟ್ಟಿಯ ಗಂಡಸರು ಹೊಟ್ಟೆನುಲಿತದಿಂದ ಮಲಗತೊಡಗಿದಾಗ ಪತ್ರಿಕೆಯಲ್ಲಿ ಸುದ್ದಿ ಬಂತು. ಸರ್ಕಾರ ತಪಾಸಣೆಗೆ ಡಾಕ್ಟರನ್ನು ಕಳಿಸಿತು. ವಸಡಿನ ಅಂಚಿನಲ್ಲಿ ನೀಲಿ ಗೆರೆ ಕಂಡವರ ರಕ್ತ ಮಾತ್ರ ಪರೀಕ್ಷೆಗೆ ಹೋಗುತ್ತಿತ್ತು. ರಕ್ತದಲ್ಲೂ ಸೀಸ ಸಿಕ್ಕರೆ ಸರ್ಕಾರದ ಚೀಟಿ, ಔಷಧಿ.

ಬೀರವ್ವನಿಗೆ ಔಷಧಿಗಿಂತ ಚೀಟಿಯ ಅವಸರವಿತ್ತು. ಬೇಸಿಗೆಯಿಂದ ಅವಳ ಬಲಗೈ ಮಣಿಕಟ್ಟಿನ ಕೆಳಗೆ ಜೋತುಬಿದ್ದಿತ್ತು. ಊರು ಅದನ್ನು ಕುಷ್ಠ ಎಂದಿತು. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಮಗಳು ಯಮುನವ್ವನನ್ನು ಸೊಸೆ ಮಾಡಿಕೊಳ್ಳಲು ಒಪ್ಪಿದ್ದ ಗಡಹಿಂಗ್ಲಜದ ಸಾತಪ್ಪ ಹೇಳಿಕಳಿಸಿದ್ದ: ಅದು ಆ ರೋಗವಲ್ಲವೆಂದು ಡಾಕ್ಟರು ಬರೆದುಕೊಡಲಿ, ಸಂಕ್ರಾಂತಿಯವರೆಗೆ ಕಾಯುತ್ತೇವೆ.

ಅದಕ್ಕೇ ಆ ದಿನ ಬೀರವ್ವ, ದೊಡ್ಡವರ ಮುಂದೆ ಬಾಯಿ ತೆರೆಯಬೇಕಲ್ಲ ಎಂದು, ಎರಡೆರಡು ಸಲ ಮಿಶ್ರಿ ತಿಕ್ಕಿ ಬಂದಿದ್ದಳು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಅರೆದ ಪುಡಿ ಅದು. ಆ ಸೀಮೆಯ ಹೆಂಗಸರಿಗೆ ಅದನ್ನು ಹಲ್ಲಿಗೆ ಹಚ್ಚದೆ ಬೆಳಗಾಗುವುದಿಲ್ಲ.

"ಹೀ ಮಿಶ್ರೀ ಆಹೆ, ಮಾವಶಿ," ಇದು ಮಿಶ್ರಿಯ ಕಪ್ಪು, ಚಿಕ್ಕಮ್ಮ ಎಂದು ಮರಾಠಿಯಲ್ಲಿ ಹೇಳಿದ ಡಾಕ್ಟರು ಆಮೇಲೆ ಗಡಿಯ ಕನ್ನಡಕ್ಕೆ ಹೊರಳಿದರು. "ನಮ್ಮವ್ವನ ವಸಡೂ ಹಿಂಗ ಕರ್ರಗ ಅದಾವ. ಸಣ್ಣಾಂವ ಇದ್ದಾಗಿಂದ ನೋಡೇನಿ."

"ಮತ್ತ ಈ ಕೈ, ಸಾಹೇಬ್ರ?"

"ಕೈ ನೋಡಿದ್ರ ನನಗೂ ಸಂಶಯ ಬರತೈತಿ. ಆದ್ರ ಗೆರಿ ಕಾಣದ ಹೆಸರು ಬರಕೊಳ್ಳಾಕ ಹುಕುಂ ಇಲ್ಲ. ಮುಂದಿನ ತಿಂಗಳ ಮತ್ತ ಬರ್ತೇನಿ."

ಆ ದಿನ ಬರೆದುಕೊಂಡದ್ದೆಲ್ಲ ಗಂಡಸರ ಹೆಸರು. ಲಗಮಣ್ಣನದೂ ಇತ್ತು. ಮನೆಗೆ ಬಂದ ಬೀರವ್ವ ಗಂಡನನ್ನು ಬಿಸಿಲಿಗೆ ಕೂಡಿಸಿ ತುಟಿ ಎತ್ತಿದಳು. ಹಲ್ಲಿನ ಬುಡಕ್ಕೆ ನೂಲಿನಷ್ಟು ಸಣ್ಣ ನೀಲಿ ಗೆರೆ. ಕನ್ನಡಿಯಲ್ಲಿ ತನ್ನ ಬಾಯಿ ನೋಡಿಕೊಂಡಳು. ಬರೀ ಕಪ್ಪು. ಮಿಶ್ರಿಯ ಡಬ್ಬಿ ತೆಗೆದುಕೊಂಡು ಪಕ್ಕದ ಮನೆಯ ದುಂಡವ್ವನ ಬಳಿ ಹೋದಳು. ದುಂಡವ್ವನ ಗಂಡನೂ ಭಟ್ಟಿಯವನೇ. ಬಾವಿಯಲ್ಲಿ ಸರಿಯದೆ ನಿಲ್ಲುತ್ತಿದ್ದವಳು ಅವಳೊಬ್ಬಳೇ.

"ಇದನ್ನ ನೀ ಇಟ್ಕೊ. ನಾ ಕೇಳಿದ್ರೂ ಕೊಡಬ್ಯಾಡ."

"ಬೀರಕ್ಕ, ಗಂಡನ್ನ ಬಿಡು ಅಂದ್ರ ಬಿಟ್ಟಿ, ಮಿಶ್ರಿ ಬಿಡಾಕಿ ಅಲ್ಲ ನೀ. ನಾಳೆ ಬಂದು ನನ್ನ ಕೂದಲ ಹಿಡದು ಕೇಳ್ತಿ."

"ಕೂದಲ ಹಿಡ್ಯಾಕ ಕೈ ಏಳಬೇಕಲ್ಲ."

ದುಂಡವ್ವ ನಕ್ಕಳು. ಆಮೇಲೆ ಆ ಕೈ ನೋಡಿ ಡಬ್ಬಿ ಒಳಗೆ ಇಟ್ಟು ಬಂದಳು.

ಮರುದಿನದಿಂದ ಬೀರವ್ವನಿಗೆ ತಲೆ ಸಿಡಿಯತೊಡಗಿತು. ಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದು ಯಮುನವ್ವನನ್ನು ಬಾಯಿಗೆ ಬಂದಂತೆ ಬೈದಳು. ಯಮುನವ್ವ ಉಪ್ಪು ತಂದಿಟ್ಟಳು. ಕೊನೆಗೊಂದು ಮಧ್ಯಾಹ್ನ ಬೀರವ್ವ ತಡೆಯಲಾರದೆ ದುಂಡವ್ವನ ಬಾಗಿಲಿಗೆ ಹೋಗಿ ನಿಂತಳು.

"ಒಂದ ಚಿಟಿಕಿ, ದುಂಡವ್ವ. ಬರೀ ಮೂಸಿ ನೋಡ್ತೇನಿ."

"ಎಲ್ಲಿಂದ ತರ್ಲಿ? ನಿಂದೂ ನಂದೂ ಕೂಡೇ ತಿಪ್ಪಿಗಿ ಚೆಲ್ಲೇನಿ. ನನ್ನ ಹೊಟ್ಟೀನೂ ನುಲಿಯಾಕತ್ತೈತಿ. ನಾನೂ ಆ ಡಾಕ್ಟರಗ ಬಾಯಿ ತೋರಸಬೇಕು."

ಇಬ್ಬರೂ ಕಟ್ಟೆಯ ಮೇಲೆ ಕುಳಿತು ಬೇವಿನ ಕಡ್ಡಿ ಅಗಿಯುತ್ತ, ಡಾಕ್ಟರ ಮಿಶ್ರಿ ಹಚ್ಚುವ ತಾಯಿಯನ್ನು ಹೊತ್ತು ಇಳಿಯುವವರೆಗೆ ಬೈದರು.

ಡಾಕ್ಟರು ಡಿಸೆಂಬರ್ ಕೊನೆಗೆ ಬಂದರು. ಬೀರವ್ವನ ತುಟಿ ಎತ್ತಿ, ಬಾಗಿಲ ಬೆಳಕಿಗೆ ಕರೆದೊಯ್ದು ಮತ್ತೆ ಎತ್ತಿ ನೋಡಿದರು. ಕಪ್ಪು ತಿಳಿಯಾಗಿತ್ತು. ಅದರ ಅಂಚಿನಲ್ಲಿ ಲಗಮಣ್ಣನಿಗಿದ್ದಂಥದೇ ನೀಲಿ ಗೆರೆ.

"ನಿಮ್ಮವ್ವಗೂ ಇದು ಐತೇನ್ರಿ?" ಎಂದು ಬೀರವ್ವ ಕೇಳಿದಳು.

"ಇಲ್ಲ, ಮಾವಶಿ. ನನ್ನ ನದರು ತಪ್ಪಿತ್ತು," ಎಂದು ಡಾಕ್ಟರು ಸೂಜಿ ತೆಗೆದುಕೊಂಡರು. ದುಂಡವ್ವನ ರಕ್ತವನ್ನೂ ತೆಗೆದರು.

ಚೀಟಿ ಸಂಕ್ರಾಂತಿಯ ಹಿಂದಿನ ದಿನ ಬಂತು. ಸೀಸದ ವಿಷ, ಕುಷ್ಠವಲ್ಲ ಎಂದು ಮರಾಠಿಯಲ್ಲಿ ಬರೆದಿತ್ತು. ಬೀರವ್ವ ಅದನ್ನು ತಾನೇ ಎಸ್.ಟಿ. ಬಸ್ಸಿನಲ್ಲಿ ಗಡಹಿಂಗ್ಲಜಕ್ಕೆ ಒಯ್ದಳು. ಸಾತಪ್ಪ ಓದಿಸಿ ಕೇಳಿ, ಒಳಗೆ ಕರೆದು ಚಹಾ ಕೊಡಿಸಿದ.

ಮದುವೆ ಫೆಬ್ರುವರಿಯಲ್ಲಾಯಿತು. ಅಕ್ಷತೆಯ ಅಕ್ಕಿಕಾಳು ಹಾಕುವಾಗ ಬೀರವ್ವ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದಿದ್ದಳು. ಭಟ್ಟಿ ಮುಚ್ಚಿದ್ದು ಮರುವರ್ಷ.