ಹಿಡೀರಿ ಎಂದಾಗ ಹಿಡಿದದ್ದು

ಹೊಸ ಕ್ಯಾಮೆರಾ ಮನೆಗೆ ಬಂದ ದಿನ ಟೈಲರ್ ಮಾಡಿದ ಮೊದಲ ಕೆಲಸ ಅದರ ಅಳತೆ ತೆಗೆದದ್ದು. ಲೆನ್ಸಿನ ಸುತ್ತಳತೆ, ಭುಜದ ಅಗಲ ಎಲ್ಲ ಬರೆದುಕೊಂಡು, ಒಳಗೊಂದು ಹತ್ತಿಯ ಅಂಗಿ, ಮೇಲೊಂದು ಉಣ್ಣೆಯ ಕೋಟು, ಅದರ ಮೇಲೊಂದು ರೇನ್‌ಕೋಟು ಹೊಲಿದ. ಹೆಂಡತಿಯ ಹರಿದ ಕೋಟು ಮೂರು ತಿಂಗಳಿಂದ ಮೊಳೆಗೆ ನೇತಾಡುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಮಹಾರಾಯ ಹೆರದೆಯೇ ಮುದ್ದಿಗೆ ಬಿದ್ದಿದ್ದ.

"ಇಷ್ಟು ಬೆಲೆಬಾಳೋದನ್ನ ಬೆಟ್ಟಕ್ಕೆ ಯಾಕೆ ಒಯ್ಯಬೇಕು? ಕಪಾಟಲ್ಲೇ ಇಡಬಾರದಾ?" ಅಂದಳು ಹೆಂಡತಿ.

"ಕಪಾಟಲ್ಲಿ ಏನಿದೆ ಫೋಟೋ ತೆಗೆಯೋಕೆ, ನಿನ್ನ ಸ್ವೆಟರಾ? ಜಲಪಾತ ತೆಗೀಬೇಕು ಕಣೇ. ನೀನೂ ಬಾ."

ಜಲಪಾತಕ್ಕೆ ಹೋಗಲು ಹೊಳೆಯೊಂದನ್ನು ದಾಟಬೇಕು. ಇವಳೋ ಬಕೆಟ್ಟಿನ ನೀರು ತುಳುಕಿದರೂ ಎರಡು ಹೆಜ್ಜೆ ಹಿಂದೆ ಸರಿಯುವವಳು.

"ನಾನಿದೀನಲ್ಲ! ಕೈ ಹಿಡಿದೋನು ನಡುನೀರಲ್ಲಿ ಬಿಡ್ತೀನಾ?"

ಆ ಒಂದು ಮಾತನ್ನು ನಂಬಿ ಅವಳು ಹೊರಟಳು. ಜೊತೆಗೆ ಅವಳ ಅಕ್ಕನ ಗಂಡ, ಅಂದರೆ ಟೈಲರನ ಷಡ್ಡಕ, ಬುತ್ತಿ ಹೊತ್ತು ಬಂದ.

ದಾರಿಯಲ್ಲಿ ಹದ್ದೊಂದು ತಲೆಯ ಮೇಲೆಯೇ ಸುತ್ತಿತು. ಧೂಳಿದೆ ಎಂದು ಟೈಲರ್ ಕ್ಯಾಮೆರಾ ತೆಗೆಯಲಿಲ್ಲ. ಜಿಂಕೆಯೊಂದು ನಿಂತು ಇವರನ್ನೇ ನೋಡಿತು. ಮೂರು ಕೋಟುಗಳ ಗುಂಡಿ ಬಿಚ್ಚುವಷ್ಟರಲ್ಲಿ ಅದಕ್ಕೂ ಬೇಸರ ಬಂದು ಹೋಯಿತು.

"ಹೊರಗೆ ತೆಗೀದೆ ಫೋಟೋ ಬರಲ್ಲ, ಹೊರಗೆ ತೆಗೆದ್ರೆ ಕ್ಯಾಮೆರಾ ಉಳಿಯಲ್ಲ," ಎಂದು ಷಡ್ಡಕ ನಕ್ಕ.

ಹೊಳೆಯಲ್ಲಿ ಮೊಣಕಾಲಿನವರೆಗೆ ನೀರಿತ್ತು, ಸೆಳೆತವೂ ಇತ್ತು. ಟೈಲರ್ ಒಂದು ಕೈಯಲ್ಲಿ ಹೆಂಡತಿಯನ್ನೂ ಇನ್ನೊಂದರಲ್ಲಿ ಕ್ಯಾಮೆರಾ ಚೀಲವನ್ನೂ ಹಿಡಿದು ಇಳಿದ. ಅರ್ಧ ದಾರಿಯಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಅವಳ ಕಾಲು ಜಾರಿತು.

"ರೀ! ಹಿಡೀರಿ, ಹಿಡೀರಿ!"

ಟೈಲರ್ ತಕ್ಷಣ ಹಿಡಿದ. ಎರಡೂ ಕೈಯಿಂದ ಎದೆಗೆ ಅವಚಿಕೊಂಡು, ಕಣ್ಣು ಮುಚ್ಚಿ ಹಿಡಿದ. ಕಣ್ಣು ಬಿಟ್ಟಾಗ ಎದೆಯ ಮೇಲೆ ಕ್ಯಾಮೆರಾ ಇತ್ತು. ಹತ್ತು ಮಾರು ಕೆಳಗೆ ಷಡ್ಡಕ ಅವಳನ್ನು ರಟ್ಟೆ ಹಿಡಿದು ದಡಕ್ಕೆ ಎಳೆಯುತ್ತಿದ್ದ.

"ಏನನ್ನ ಹಿಡೀಬೇಕು ಅಂತ ನೀನು ಹೇಳಲಿಲ್ಲ..." ಬಾಯಿಂದ ಜಾರಿಬಿಟ್ಟಿತು. ಆಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ಬಯ್ಯಲಿಲ್ಲ. ಬಟ್ಟೆ ಹಿಂಡುತ್ತಾ ಕೂತಳು. ಬೈದಿದ್ದರೆ ಅವನಿಗೆ ಹಾಯಾಗುತ್ತಿತ್ತು. ಯೋಚಿಸಿ ಮಾಡಿದ ಕೆಲಸವಾಗಿದ್ದರೆ ಏನೋ ಒಂದು ಸಬೂಬು ಹೇಳಬಹುದಿತ್ತು. ಕೈಗಳು ತಾವಾಗಿಯೇ ಅತ್ತ ಹೋಗಿದ್ದವು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಜಲಪಾತದೆದುರು ನಿಂತರೂ ಗುಂಡಿ ಬಿಚ್ಚುವ ಮನಸ್ಸಾಗಲಿಲ್ಲ.

ವಾಪಸು ಬರುವಾಗ ಅದೇ ಹೊಳೆ. ಟೈಲರ್ ಕ್ಯಾಮೆರಾವನ್ನು ಈಚೆ ದಡದ ಕಲ್ಲಿನ ಮೇಲೆ ಇಟ್ಟು, ನೀರಿಗಿಳಿದು, ಎರಡೂ ಕೈ ಚಾಚಿದ.

"ಬಾ, ಹಿಡೀತೀನಿ."

ಅವಳೊಂದು ಕೋಲು ಮುರಿದುಕೊಂಡಳು. ಒಂದೊಂದೇ ಕಲ್ಲನ್ನು ತಡವುತ್ತಾ, ನಡುಗುತ್ತಾ, ಅವನ ಚಾಚಿದ ಕೈಗಳ ಪಕ್ಕದಿಂದಲೇ ದಾಟಿ ಆಚೆ ದಡ ಹತ್ತಿದಳು. ಅಲ್ಲಿಂದ ತಿರುಗಿ ನೋಡಿದಳು.

"ಎರಡೂ ಕೈ ಖಾಲಿ ಇದ್ಯಲ್ಲ. ಚಪ್ಪಾಳೆ ಹೊಡೀರಿ."

ತಮಾಷೆಗೆ ಅಂದದ್ದಲ್ಲ, ಕಾಯುತ್ತಾ ನಿಂತಳು. ಟೈಲರ್ ನೀರಿನಲ್ಲಿ ನಿಂತೇ ಮೆಲ್ಲಗೆ ಎರಡು ಸಲ ಚಪ್ಪಾಳೆ ಹೊಡೆದ.